ಹೊಳೆ ದಾಟಿಸಿದ ಕಾಂಕ್ರೀಟು

ನರಗುಂದದಿಂದ ವಿಜಯಪುರದ ಕಡೆಗೆ ಹೊರಟವರು ಕೊಣ್ಣೂರು ದಾಟಿದೊಡನೆ ಮಲಪ್ರಭೆಯನ್ನು ಹಾಯುತ್ತಾರೆ. ಮೋಟಾರಿನಲ್ಲಿ ಕುಳಿತವರಿಗೆ ಅದು ಕ್ಷಣಮಾತ್ರದ ಕೆಲಸ. ನಾನು ಹೊಳೆಯಾಚೆಯ ಹಳ್ಳಿಯವನು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹತ್ತಲು ಬಂದದ್ದು ಈ ಸೇತುವೆಯ ಮೇಲಿಂದಲೇ. ಆದಕಾರಣ ಅದರ ಹಿಂದಿರುವ ಇತಿಹಾಸವನ್ನು ವಾಚಕರ ಮುಂದಿಡಬೇಕೆನಿಸಿತು.

ಸೇತುವೆಯಿಲ್ಲದ ಕಾಲದಲ್ಲಿ ಹೊಳೆ ತುಂಬಿದರೆ ಈಚೆಯವರು ಈಚೆ, ಆಚೆಯವರು ಆಚೆ. ಸೋಜಿಗವೆಂದರೆ ರೈಲು ನಮಗಿಂತ ಮೊದಲೇ ದಾಟಿತ್ತು. ೧೮೮೪ರ ಸುಮಾರಿಗೆ ಗದಗು-ಸೊಲ್ಲಾಪುರದ ಹಳಿ ರೋಣ ತಾಲೂಕಿನ ಹೊಳೆಆಲೂರಿನ ಬಳಿ ಮಲಪ್ರಭೆಯನ್ನು ಹಾಯ್ದಿತು. ರೈಲು ಕಂಪನಿಗೆ ಹತ್ತಿಯ ಸಾಗಾಣಿಕೆಯಿಂದ ಲಾಭವಿತ್ತು. ಬಂಡಿಯ ಹಾದಿಗೆ ಅಷ್ಟು ಹಣ ಸುರಿಯುವವರು ಯಾರು?

ಹಾಗಾದರೆ ಕಲ್ಲಿನಲ್ಲಿ ಕಟ್ಟಬಾರದಾಗಿತ್ತೆ? ಶ್ರೀರಂಗಪಟ್ಟಣದಲ್ಲಿ ೧೮೦೪ರಲ್ಲಿ ಕಟ್ಟಿದ ವೆಲ್ಲೆಸ್ಲಿ ಸೇತುವೆ ಕಲ್ಲಿನದೇ. ಆದರೆ ಕಲ್ಲು ಭಾರ ಹೊರುತ್ತದೆಯೇ ಹೊರತು ಬಾಗಲಾರದು. ಉದ್ದದ ಕಲ್ಲುತೊಲೆಯ ಮೇಲೆ ಭಾರ ಬಿದ್ದರೆ ಅದರ ಕೆಳಮೈ ಎಳೆತಕ್ಕೆ ಸಿಕ್ಕು ಬಿರಿಯುತ್ತದೆ. ಆದ್ದರಿಂದ ಕಂಬಗಳು ಒತ್ತೊತ್ತಾಗಿರಬೇಕು. ಒತ್ತಾದ ಕಂಬಗಳು ಪ್ರವಾಹಕ್ಕೆ ಅಡ್ಡ. ಬರಿಯ ಕಾಂಕ್ರೀಟಿಗೂ ಇದೇ ದೌರ್ಬಲ್ಯ. ಅದರ ಕೆಳಮೈಯಲ್ಲಿ ಉಕ್ಕಿನ ಸರಳುಗಳನ್ನು ಹುದುಗಿಸಿದರೆ ಎಳೆತವನ್ನು ಉಕ್ಕು ಹೊರುತ್ತದೆ. ಇಲ್ಲಿ ಪ್ರಕೃತಿಯ ಒಂದು ದೊಡ್ಡ ಉಪಕಾರವಿದೆ: ನಮ್ಮ ಬೇಸಿಗೆಯ ಬಿಸಿಲಿಗೆ ಉಕ್ಕೂ ಕಾಂಕ್ರೀಟೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಇಲ್ಲದಿದ್ದರೆ ಈ ನಂಟು ಒಂದು ವರ್ಷವೂ ಬಾಳುತ್ತಿರಲಿಲ್ಲ! ಇಂಥ ಮೊದಲ ಸೇತುವೆಯನ್ನು ೧೮೭೫ರಲ್ಲಿ ಫ್ರಾನ್ಸಿನಲ್ಲಿ ಕಟ್ಟಿದ ಜೋಸೆಫ್ ಮೋನಿಯೆ ಎಂಜಿನಿಯರನಲ್ಲ, ತೋಟಗಾರ. ಹೂಕುಂಡಗಳು ಒಡೆಯದಿರಲೆಂದು ಸಿಮೆಂಟಿನೊಳಗೆ ತಂತಿ ಸೇರಿಸಿದವನು.

ಕಾಂಕ್ರೀಟಿಗೆ ಬೇಕಾದ ಮರಳು ಹೊಳೆಯಲ್ಲಿಯೇ ಇದೆ, ಜಲ್ಲಿ ಗುಡ್ಡದಲ್ಲಿದೆ, ದುಡಿಯುವ ಕೈಗಳು ಊರಿನಲ್ಲಿವೆ. ಸಿಮೆಂಟು, ಸರಳು ಮಾತ್ರ ಹೊರಗಿನಿಂದ ಬರಬೇಕು. ೧೯೫೦ರ ದಶಕದಲ್ಲಿ ಬಾಗಲಕೋಟೆಯಲ್ಲಿಯೇ ಸಿಮೆಂಟು ತಯಾರಾಗತೊಡಗಿತು. ಅಷ್ಟರಲ್ಲಿ ೧೯೪೩ರ ನಾಗಪುರ ಯೋಜನೆ, ಬೇಸಾಯ ಮುಂದುವರಿದ ಸೀಮೆಯ ಯಾವ ಹಳ್ಳಿಯೂ ಮುಖ್ಯ ರಸ್ತೆಯಿಂದ ಐದು ಮೈಲಿಗಿಂತ ದೂರವಿರಬಾರದೆಂಬ ಗುರಿ ಇಟ್ಟಿತ್ತು. ಹೊಳೆಗಳನ್ನು ದಾಟದೆ ಆ ಗುರಿ ಕಾಗದದ ಮಾತು. ಕಾಂಕ್ರೀಟು ಸೇತುವೆಯ ಚಾರಿತ್ರಿಕ ಮಹತ್ವವನ್ನು ನಾನು ಕಾಣುವುದು ಇಲ್ಲಿಯೇ, ಅದರ ಉದ್ದಗಲದಲ್ಲಲ್ಲ.

ಕೊಣ್ಣೂರು-ಗೋವನಕೊಪ್ಪದ ನಡುವೆ ಹಳೆಯ ಸೇತುವೆ ತಗ್ಗಿನಲ್ಲಿದೆ, ನವಿಲುತೀರ್ಥದ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟರೆ ಮುಳುಗುತ್ತದೆ. ಹೆದ್ದಾರಿಯ ಸೇತುವೆ ಎತ್ತರದಲ್ಲಿದೆ. ಆದರೂ ೨೦೧೯ರ ಆಗಸ್ಟಿನ ಮಹಾಪೂರದಲ್ಲಿ ಕೊಣ್ಣೂರು ಜಲಾವೃತವಾಗಿ, ಸೇತುವೆಯ ಬಳಿಯ ರಸ್ತೆ ಕೊಚ್ಚಿಹೋಗಿ, ಹುಬ್ಬಳ್ಳಿ-ವಿಜಯಪುರದ ಸಂಚಾರ ನಿಂತಿತು. ಆಗ ನಾನು ಹೈಸ್ಕೂಲಿನಲ್ಲಿದ್ದೆ. ಮುತ್ತಜ್ಜನ ಕಾಲದ ಹೊಳೆಯೇ ಮರಳಿ ಬಂದಂತಿತ್ತು. ನಮ್ಮದು ಎರೆಭೂಮಿ, ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಮಣ್ಣು. ಇಂಥಲ್ಲಿ ಕಂಬಗಳ ನಡುವೆ ನೀರಿಗೆ ದಾರಿ ಬಿಟ್ಟರೆ ಸಾಲದು. ಸೇತುವೆಯ ಎರಡೂ ತುದಿಗಳ ಏರಿಯಲ್ಲಿಯೂ ಸಾಕಷ್ಟು ಕಂಡಿಗಳನ್ನು ಬಿಡಬೇಕು.