ಜರ್ಮನ್ ನುಡಿಯ ದೇಶೀಕರಣವೃತ್ತಿಯೂ ಬೆಳಗಾವಿಯ ಗಡಿಸೀಮೆಯೂ

ಒಂದು ದೇಶದಲ್ಲಿ ಹುಟ್ಟಿದ ಯಂತ್ರವನ್ನಾಗಲಿ, ಸರಕನ್ನಾಗಲಿ, ಗಣಕದ ತಂತ್ರಾಂಶವನ್ನಾಗಲಿ ಮತ್ತೊಂದು ದೇಶದ ಜನರು ತಮ್ಮಲ್ಲಿಯೇ ಹುಟ್ಟಿದುದೆಂಬಂತೆ ನಿಸ್ಸಂಕೋಚವಾಗಿ ಬಳಸುವ ಹಾಗೆ ಅದರ ಮಾತು, ಅಳತೆ, ಅಂಕೆ, ದಿನಾಂಕ, ಸಂಬೋಧನೆ ಇವೆಲ್ಲವನ್ನೂ ಮಾರ್ಪಡಿಸುವ ಕಾರ್ಯಕ್ಕೆ ದೇಶೀಕರಣವೆಂದು ಹೆಸರು. ಭಾಷಾಂತರವು ಇದರ ಒಂದು ಅಂಗವೇ ಹೊರತು ಇದೇ ಅದಲ್ಲ. ಕನ್ನಡಿಗರಿಗೆ ಈ ಭಾವನೆ ಹೊಸದೇನೂ ಅಲ್ಲ. ಕ್ರಿ. ಶ. ೯೪೧ರಲ್ಲಿ ಪಂಪನು ವ್ಯಾಸಭಾರತದ ಕಥೆಯನ್ನು ಕನ್ನಡಕ್ಕೆ ತರುವಾಗ ಅರ್ಜುನನಲ್ಲಿ ತನ್ನ ಆಶ್ರಯದಾತನಾದ ಅರಿಕೇಸರಿಯನ್ನು ಕಂಡನು. ಮಾರ್ಗವನ್ನು ದೇಸಿಯೊಳಗೆ ಹೊಗಿಸಿದನು. ಇಂದಿನ ದೇಶೀಕರಣಕಾರನ ಕೈಗೆ ಬರುವುದು ಮಹಾಕಾವ್ಯವಲ್ಲ, ನೀರೆತ್ತುವ ಪಂಪಿನ ಬಳಕೆಯ ಕೈಪಿಡಿ. ಆದರೂ ಕೆಲಸದ ಜಾತಿ ಒಂದೇ.

ಚಿಕ್ಕೋಡಿ, ರಾಯಬಾಗ, ಅಥಣಿಗಳೂ, ಇತ್ತೀಚೆಗೆ ಪ್ರತ್ಯೇಕ ತಾಲ್ಲೂಕುಗಳಾದ ನಿಪ್ಪಾಣಿ, ಕಾಗವಾಡಗಳೂ ಸೇರಿದ ಸೀಮೆಯಿಂದ ಪುಣೆಗೂ ಬೆಂಗಳೂರಿಗೂ ಓದಲು ಹೋಗುವ ತರುಣರಲ್ಲಿ ಕೆಲವರು ಜರ್ಮನ್ ಕಲಿತು ಇದೇ ವೃತ್ತಿಯಿಂದ ಜೀವನ ಸಾಗಿಸಬಹುದೆಂದು ಎಣಿಸುವುದುಂಟು. ಇದಕ್ಕಾಗಿ ತೆರಬೇಕಾದುದು ಮೂರು ನಾಲ್ಕು ವರ್ಷಗಳ ಆಯುಷ್ಯವೂ, ಕಬ್ಬಿನ ಬಿಲ್ಲಿನಿಂದಲೋ ಹೊಗೆಸೊಪ್ಪಿನ ಮಾರಾಟದಿಂದಲೋ ಮನೆಯವರು ಉಳಿಸಿದ ಹಣವೂ ಆದುದರಿಂದ, ಈ ಎಣಿಕೆ ಎಷ್ಟರ ಮಟ್ಟಿಗೆ ನಿಜವೆಂಬುದನ್ನು ವಿಚಾರಿಸುವುದು ಯುಕ್ತವಾಗಿದೆ.

ಜರ್ಮನರಿಗೂ ಕನ್ನಡಕ್ಕೂ ಸಂಬಂಧವು ಮೊದಲು ಎದುರು ದಿಕ್ಕಿನಿಂದ ಬಂದಿತು. ೧೮೧೫ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೂ ೧೮೩೭ರಲ್ಲಿ ಧಾರವಾಡಕ್ಕೂ ಬಂದು ನೆಲಸಿದರು. ಹೆರ್ಮನ್ ಮೋಗ್ಲಿಂಗನು ೧೮೪೩ರ ಜುಲೈ ೧ರಂದು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದನು. ೧೮೫೩ರಲ್ಲಿ ಬಂದ ಫರ್ಡಿನಂಡ್ ಕಿಟ್ಟೆಲನ ನಿಘಂಟು ೧೮೯೪ರಲ್ಲಿ ಅಚ್ಚಾಯಿತು. ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಕಿಟ್ಟೆಲನು ಸುಮಾರು ಎಪ್ಪತ್ತು ಸಾವಿರ ಕನ್ನಡ ಶಬ್ದಗಳಿಗೆ ಅರ್ಥ ಬರೆದುದು ತನ್ನ ಮಾತೃಭಾಷೆಯಲ್ಲಲ್ಲ, ಇಂಗ್ಲಿಷಿನಲ್ಲಿ; ಎಂದರೆ ಕಲಿತ ಒಂದು ನುಡಿಯಿಂದ ಕಲಿತ ಮತ್ತೊಂದು ನುಡಿಗೆ. ಇಂತಹ ಸಾಹಸಕ್ಕೆ ದಶಕಗಳ ತಪಸ್ಸು ಬೇಕಾಯಿತು. ಆರು ತಿಂಗಳ ಪಾಠದಿಂದ ಅದು ಕೈಗೂಡುವುದೆಂದು ಹೇಳುವವರನ್ನು ನಂಬಲಾಗದು.

ಗಡಿಸೀಮೆಯ ವಿದ್ವತ್ತಿಗೂ ಜರ್ಮನ್ ಭಾಷೆ ಬೇಕಾಗಿತ್ತು. ಸದಲಗದಲ್ಲಿ ೧೯೦೬ರಲ್ಲಿ ಹುಟ್ಟಿ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಆ. ನೇ. ಉಪಾಧ್ಯೆಯವರು ಬಾಳೆಲ್ಲ ದುಡಿದ ಪ್ರಾಕೃತ ಶಾಸ್ತ್ರದಲ್ಲಿ ಮುಖ್ಯ ವ್ಯಾಕರಣವೆನಿಸಿದ ಪಿಶೆಲನ ಗ್ರಂಥವು ೧೯೦೦ರಲ್ಲಿ ಜರ್ಮನಿನಲ್ಲಿ ಪ್ರಕಟವಾಯಿತು. ಅದರ ಇಂಗ್ಲಿಷ್ ಭಾಷಾಂತರ ಬಂದುದು ೧೯೫೭ರಲ್ಲಿ. ನಡುವಿನ ಅರ್ಧ ಶತಮಾನಕ್ಕೂ ಮಿಕ್ಕ ಕಾಲದಲ್ಲಿ ಜರ್ಮನ್ ತಿಳಿಯದವನಿಗೆ ಆ ಬಾಗಿಲು ಮುಚ್ಚಿಯೇ ಇತ್ತು.

ಈಗ ಭಾಷೆಯ ಸ್ವರೂಪಕ್ಕೆ ಬರೋಣ. ಸಂಸ್ಕೃತವನ್ನು ಅಲ್ಪಸ್ವಲ್ಪ ಬಲ್ಲವನಿಗೆ ಜರ್ಮನ್ ಅಪರಿಚಿತವಾಗಿ ತೋರುವುದಿಲ್ಲ. ಅದರ ಸಮಾಸಗಳು ನಮ್ಮ ತತ್ಪುರುಷದಂತೆಯೇ ಇವೆ. 'ಕ್ರಾಂಕೆನ್‌ಹೌಸ್' ಎಂದರೆ ರೋಗಿಗಳ ಮನೆ, ಆಸ್ಪತ್ರೆ. 'ಹಾಂಟ್‌ಶೂ' ಎಂದರೆ ಕೈಯ ಜೋಡು, ಕೈಗವಸು. ಮೊದಲನೆಯದು ಅವಯವಾರ್ಥದಿಂದಲೇ ತಿಳಿಯುತ್ತದೆ; ಎರಡನೆಯದಕ್ಕೆ ರೂಢಿಯ ಸಹಾಯ ಬೇಕು. ಉಪಸರ್ಗವು ಧಾತುವನ್ನು ಬಿಟ್ಟು ದೂರ ನಿಲ್ಲುವುದು ವೇದದಲ್ಲಿ ಮಾತ್ರ ಕಾಣುವ ಪ್ರಯೋಗವೆಂದು ಪಾಣಿನಿಯನ್ನು ಓದಿದವರು ಬಲ್ಲರು. ಜರ್ಮನಿನಲ್ಲಿ ಅದು ದಿನನಿತ್ಯದ ಮಾತು. ಯಂತ್ರವನ್ನು ಚಾಲೂ ಮಾಡುವುದಕ್ಕೂ ಬಂದ್ ಮಾಡುವುದಕ್ಕೂ 'ಷಾಲ್ಟೆನ್' ಎಂಬ ಒಂದೇ ಧಾತು. ವಿಧಿವಾಕ್ಯದಲ್ಲಿ ಯಂತ್ರದ ಹೆಸರು, ಅದರ ವಿಶೇಷಣಗಳು ಎಲ್ಲ ಮುಗಿದ ಮೇಲೆ ಕೊನೆಯಲ್ಲಿ 'ಐನ್' ಎಂದು ಬಂದರೆ ಚಾಲೂ, 'ಔಸ್' ಎಂದು ಬಂದರೆ ಬಂದ್. ಆ ಕೊನೆಯ ಒಂದು ಅಕ್ಷರವನ್ನು ಅಲಕ್ಷಿಸಿದ ಭಾಷಾಂತರದಿಂದ ಕೂಲಿಕಾರನ ಕೈ ಹೋದೀತು.

ಮರಾಠಿಯನ್ನೂ ಆಡುವ ಗಡಿಯವನಿಗೆ ಇನ್ನೆರಡು ಅನುಕೂಲಗಳಿವೆ. ಇವನ್ನು ಯಾರೂ ಅಷ್ಟಾಗಿ ಗಣಿಸಿದಂತೆ ಕಾಣದು. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಜರ್ಮನಿನಲ್ಲಿ ಹಾಗಲ್ಲ: ಚಮಚ ಪುಲ್ಲಿಂಗ, ಮುಳ್ಳುಚಮಚ ಸ್ತ್ರೀಲಿಂಗ, ಚಾಕು ನಪುಂಸಕ. ಹೆಂಡತಿಯೆಂಬ ಒಂದೇ ಅರ್ಥದ ದಾರ, ಭಾರ್ಯಾ, ಕಲತ್ರ ಶಬ್ದಗಳು ಮೂರು ಲಿಂಗದಲ್ಲಿರುವುದನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಗೆ ಇದರಿಂದ ಆಶ್ಚರ್ಯವಾಗದು. ಅನ್ನ ಪುಲ್ಲಿಂಗ, ಭಾಕರಿ ಸ್ತ್ರೀಲಿಂಗ, ನೀರು ನಪುಂಸಕವೆಂದು ಮರಾಠಿಯಲ್ಲಿ ಆಡಿ ಬೆಳೆದ ನಿಪ್ಪಾಣಿಯ ಹುಡುಗನಿಗಂತೂ ಆಗಲೇ ಆಗದು. ಹಾಗೆಯೇ ಜರ್ಮನರು ಇಪ್ಪತ್ತೊಂದನ್ನು 'ಒಂದು ಮತ್ತು ಇಪ್ಪತ್ತು' ಎಂದು ಎಣಿಸುವರು. ಸಂಸ್ಕೃತದ ಏಕವಿಂಶತಿಯೂ ಮರಾಠಿಯ ಏಕವೀಸವೂ ಅದೇ ಕ್ರಮದವು. ಬೆಂಗಳೂರಿನ ಕನ್ನಡಿಗನು ತಡವರಿಸುವಲ್ಲಿ ರಾಯಬಾಗದವನು ಸರಾಗವಾಗಿ ನಡೆದಾನು.

ಆದರೆ ಅಂಕೆಯ ಬರವಣಿಗೆಯಲ್ಲಿ ಎಲ್ಲರಿಗೂ ಅಪಾಯವಿದೆ. ಹನ್ನೆರಡು ಸಾವಿರದ ಐನೂರನ್ನು ಜರ್ಮನರು ೧೨.೫೦೦ ಎಂದು ಬರೆಯುವರು. ಅವರಿಗೆ ಬಿಂದುವು ಸಾವಿರದ ಗುರುತು, ಅಲ್ಪವಿರಾಮವು ದಶಾಂಶದ ಗುರುತು. ಇದನ್ನು ಹಾಗೆಯೇ ಇಳಿಸಿದರೆ ನಮ್ಮವನು ಹನ್ನೆರಡೂವರೆ ಎಂದು ಓದುವನು.

ಈ ಸೀಮೆಯ ಸರಕಿನಿಂದಲೇ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಅಥಣಿಯ ಚಪ್ಪಲಿಗಳು ಕೊಲ್ಲಾಪುರಿ ಎಂಬ ಹೆಸರಿನಿಂದ ಪ್ರಸಿದ್ಧ. ೨೦೧೯ರಲ್ಲಿ ಈ ಹೆಸರಿಗೆ ದೊರೆತ ಭೌಗೋಳಿಕ ಸೂಚಕವು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳಿಗೂ ಸಲ್ಲುತ್ತದೆ. ಇಂತಹ ಜೋಡನ್ನು ಜರ್ಮನಿಯಲ್ಲಿ ಮಾರಬೇಕಾದರೆ ಏನೇನು ಮಾಡಬೇಕು? ಮೊದಲು ಅಳತೆ: ಇಂಗ್ಲಿಷ್ ಕ್ರಮದಲ್ಲಿ ಒಂದೊಂದು ಅಂಕಕ್ಕೆ ಅಂಗುಲದ ಮೂರನೆಯ ಒಂದು ಭಾಗ, ಯೂರೋಪಿನ ಕ್ರಮದಲ್ಲಿ ಸೆಂಟಿಮೀಟರಿನ ಮೂರನೆಯ ಎರಡು ಭಾಗ. ಅನಂತರ ಗುರುತು: ೧೯೯೪ರ ಯೂರೋಪಿನ ನಿಯಮದಂತೆ ಪಾದರಕ್ಷೆಯ ಮೇಲ್ಭಾಗ, ಒಳಪದರ, ಕೆಳ ಅಟ್ಟೆಗಳು ಯಾವ ದ್ರವ್ಯದಿಂದಾದುವೆಂಬುದನ್ನು ಚಿತ್ರದಿಂದಲೋ ಮಾತಿನಿಂದಲೋ ತೋರಿಸಬೇಕು. ೨೦೨೪ರ ಡಿಸೆಂಬರ್ ೧೩ರಿಂದ ಜಾರಿಗೆ ಬಂದ ಸರಕುಸುರಕ್ಷತೆಯ ನಿಯಮವು ಎಚ್ಚರಿಕೆಯ ಮಾತುಗಳು ಕೊಳ್ಳುವವರಿಗೆ ಸುಲಭವಾಗಿ ತಿಳಿಯುವ ಭಾಷೆಯಲ್ಲಿರಬೇಕೆಂದು ವಿಧಿಸಿದೆ. ಕೊನೆಗೆ ಹೆಸರು, ಇದೇ ಕಷ್ಟದ್ದು. ಬೆರಳುಗಳ ನಡುವೆ ಪಟ್ಟಿಯುಳ್ಳ ಚಪ್ಪಲಿಗೆ ಜರ್ಮನರು 'ತ್ಸೇಎನ್‌ಟ್ರೆನ್ನರ್', ಎಂದರೆ ಬೆರಳು ಬೇರ್ಪಡಿಸುವುದು, ಎನ್ನುವರು. ಸ್ನಾನಗೃಹದ ರಬ್ಬರಿನ ಚಪ್ಪಲಿಯೂ ಅದರಲ್ಲಿ ಸೇರುತ್ತದೆ. ಜಾಲಿಯ ತೊಗಟೆಯಲ್ಲಿಯೂ ಅಳಲೆಕಾಯಿಯಲ್ಲಿಯೂ ಹದಮಾಡಿದ ತೊಗಲೆಂಬ ಮಾತನ್ನು ಸೇರಿಸದೆ ಆ ಒಂದೇ ಪದವನ್ನು ಇಟ್ಟರೆ ಸಮಗಾರನ ಕಸುಬು ಆ ಹೆಸರಿನಲ್ಲಿ ಅಡಗಿಹೋಗುತ್ತದೆ. ೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಮಿಲಾನಿನ ಒಂದು ಉಡುಪಿನ ಪ್ರದರ್ಶನದಲ್ಲಿ ಕೊಲ್ಲಾಪುರಿಯನ್ನೇ ಹೋಲುವ ಜೋಡುಗಳನ್ನು ಬರಿಯ ತೊಗಲಿನ ಚಪ್ಪಲಿಗಳೆಂದು ವರ್ಣಿಸಿದುದರಿಂದ ಎಷ್ಟು ಕೋಲಾಹಲವಾಯಿತೆಂಬುದು ವಾಚಕರಿಗೆ ತಿಳಿದೇ ಇದೆ. ವಿವಾದಕ್ಕೆ ಕಾರಣ ಅಲ್ಲಿ ಬಿಟ್ಟುಹೋದ ಒಂದು ಹೆಸರು.

ಎದುರು ದಿಕ್ಕಿನಲ್ಲಿಯೂ ಇಂತಹ ತೊಡಕುಗಳಿವೆ. ಜರ್ಮನಿಯಲ್ಲಿ ಸಕ್ಕರೆಯಾಗುವುದು ಕಬ್ಬಿನಿಂದಲ್ಲ, ಬೀಟ್ ಗೆಡ್ಡೆಯಿಂದ. ೧೭೪೭ರಲ್ಲಿ ಬರ್ಲಿನ್ನಿನ ಮಾರ್ಗ್‌ಗ್ರಾಫನು ಆ ಗೆಡ್ಡೆಯಲ್ಲಿ ಸಕ್ಕರೆಯಿರುವುದನ್ನು ಕಂಡುಹಿಡಿದನು. ಅವರ 'ತ್ಸುಕರ್' ಶಬ್ದವು ನಮ್ಮ ಶರ್ಕರೆಯೇ, ಅರಬರ ಕೈಯಿಂದ ಅಲ್ಲಿಗೆ ಹೋದುದು. ಆದರೆ ಕಾರ್ಖಾನೆಯ ಉಳಿದ ಮಾತುಗಳೆಲ್ಲ ಗೆಡ್ಡೆಯ ಮಾತುಗಳು. ಗೆಡ್ಡೆಯ ಹೋಳಿಗೆ 'ಶ್ನಿಟ್ಸೆಲ್' ಎನ್ನುವರು. ಅಡಿಗೆಮನೆಯಲ್ಲಿ ಅದೇ ಶಬ್ದಕ್ಕೆ ಹುರಿದ ಮಾಂಸದ ಹೋಳೆಂದರ್ಥ. ಉಗಾರದಂತಹ ಕಬ್ಬಿನ ಊರಿಗೆ ಬರುವ ಬರೆಹದಲ್ಲಿ ಇವೆರಡೂ ನಿಲ್ಲವು. ಇಂತಹ ಕಡೆ ಯಂತ್ರವು ಮಾಡುವ ಭಾಷಾಂತರಕ್ಕಿಂತ ಗಾಣವನ್ನೂ ಕಾರ್ಖಾನೆಯನ್ನೂ ಕಣ್ಣಾರೆ ಕಂಡವನ ವಿವೇಕವೇ ಹೆಚ್ಚು. ಕನ್ನಡದಲ್ಲಿ ಬರೆಯುವಾಗಲೂ 'ನಿಷ್ಕ್ರಿಯಗೊಳಿಸಿ' ಎಂಬ ಗ್ರಂಥಸ್ಥ ಶಬ್ದಕ್ಕಿಂತ ಈ ಸೀಮೆಯ 'ಬಂದ್ ಮಾಡಿರಿ' ಎಂಬ ಮಾತು ಮೇಲೆಂದು ಪಂಡಿತರೂ ಒಪ್ಪಬೇಕು.

ಗಣಕದ ತೆರೆಯ ಮೇಲೆ ಕನ್ನಡಕ್ಕೆ ಬೇರೆಯೇ ಒಂದು ಕ್ಲೇಶ. ಬಳಕೆದಾರನ ಹೆಸರಿಗಾಗಿ ತೆರವಾದ ಸ್ಥಾನವನ್ನು ಬಿಟ್ಟು ಅದರ ಮುಂದೆ ವಿಭಕ್ತಿಪ್ರತ್ಯಯವನ್ನು ಅಂಟಿಸಿದರೆ 'ರಾಮಗೆ', 'ಗುರುಗೆ' ಎಂಬ ಅಪರೂಪಗಳು ಹುಟ್ಟುತ್ತವೆ. ರಾಮನಿಗೆ, ಸೀತೆಗೆ, ಗುರುವಿಗೆ ಎಂದು ಪ್ರಕೃತಿಗೆ ತಕ್ಕಂತೆ ಆಗಮ ಮಾಡುವ ವ್ಯಾಕರಣವು ಆ ಯಂತ್ರಕ್ಕೆ ತಿಳಿಯದು. 'ಅವರಿಗೆ' ಎಂದು ಬಿಡಿಯಾಗಿ ಸೇರಿಸುವುದೇ ಉಪಾಯ. ಇದರಿಂದ ಗೌರವವೂ ಉಳಿಯುತ್ತದೆ.

ಇನ್ನು ಜೀವನೋಪಾಯದ ಮಾತು. ಭಾಷಾಂತರಕಾರನು ತನ್ನ ಮಾತೃಭಾಷೆಗೆ ಮಾತ್ರ ಬರೆಯಬೇಕೆಂಬುದು ಈ ವೃತ್ತಿಯ ಸಾಮಾನ್ಯ ಸಂಪ್ರದಾಯ. ಆದಕಾರಣ ಜರ್ಮನಿಗೆ ಬರೆಯುವ ಕೆಲಸವು ಬಹುಮಟ್ಟಿಗೆ ಜರ್ಮನರ ಪಾಲಿಗೇ ಹೋಗುತ್ತದೆ. ಜರ್ಮನಿನಿಂದ ಕನ್ನಡಕ್ಕೋ ಮರಾಠಿಗೋ ನೇರವಾಗಿ ಬರುವ ಕೆಲಸ ವಿರಳ. ನಡುವೆ ಇಂಗ್ಲಿಷ್ ಇರುತ್ತದೆ. ಹಾಗಾದರೆ ಉಳಿದುದೇನು? ೧೯೫೧ರಿಂದ ನಡೆದು ಬಂದಿರುವ ಬಾಷ್, ೧೯೯೮ರಲ್ಲಿ ಬೆಂಗಳೂರಿನಲ್ಲಿ ಶಾಖೆ ತೆರೆದ ಸ್ಯಾಪ್ ಮೊದಲಾದ ಜರ್ಮನ್ ಸಂಸ್ಥೆಗಳು ಈ ದೇಶದಲ್ಲಿವೆ. ಇಂತಹ ಉದ್ಯಮಗಳ ಸುತ್ತ ಪರಿಭಾಷೆಯನ್ನು ಸಂಗ್ರಹಿಸುವುದು, ತೆರೆಗಳನ್ನು ಪರೀಕ್ಷಿಸುವುದು, ಯಂತ್ರವು ಮಾಡಿದ ಭಾಷಾಂತರವನ್ನು ತಿದ್ದುವುದು, ಕೆಲಸವನ್ನು ಹಂಚಿ ನಡೆಸುವುದು, ಜರ್ಮನ್ ಗಿರಾಕಿಗಳಿಗೆ ಉತ್ತರ ಕೊಡುವುದು ಇವೇ ಬಾಗಿಲುಗಳು. ಎಂಜಿನಿಯರಿಂಗನ್ನೋ ವಾಣಿಜ್ಯವನ್ನೋ ಬಲ್ಲವನಿಗೆ ಇವು ತೆರೆದಾವು. ಭಾಷೆಯೊಂದನ್ನೇ ಬಲ್ಲವನಿಗೆ ಅರೆತೆರೆದಾವು.

ಯೋಗ್ಯತೆಯ ವಿಷಯದಲ್ಲಿ ೨೦೧೫ರ ಐಎಸ್ಒ ೧೭೧೦೦ ಎಂಬ ಮಾನಕವು ಮೂರು ದಾರಿಗಳನ್ನು ಹೇಳುತ್ತದೆ: ಭಾಷಾಂತರದ ಪದವಿ, ಇಲ್ಲವೆ ಬೇರೆ ಪದವಿಯೊಡನೆ ಎರಡು ವರ್ಷಗಳ ಪೂರ್ಣಾವಧಿ ಅನುಭವ, ಇಲ್ಲವೆ ಐದು ವರ್ಷಗಳ ಪೂರ್ಣಾವಧಿ ಅನುಭವ. ಬರೆದುದನ್ನು ಎರಡನೆಯವನೊಬ್ಬನು ಪರಿಶೋಧಿಸಲೇಬೇಕೆಂದೂ ಅದು ವಿಧಿಸುತ್ತದೆ. ಕಲಿಕೆಗೆ ಪುಣೆಯ ರಾನಡೆ ಇನ್‌ಸ್ಟಿಟ್ಯೂಟಿನಲ್ಲಿರುವ ವಿಶ್ವವಿದ್ಯಾಲಯದ ಪರಭಾಷಾ ವಿಭಾಗವೂ, ಪುಣೆ, ಬೆಂಗಳೂರುಗಳ ಮ್ಯಾಕ್ಸ್‌ಮುಲ್ಲರ್ ಭವನಗಳೂ ಇವೆ. ಭಾರತವನ್ನು ಒಮ್ಮೆಯೂ ಕಾಣದ ಪಂಡಿತನ ಹೆಸರು ಆ ಭವನಗಳಿಗೆ ಇರುವುದು ವಿನೋದವೇ ಸರಿ. ಆರು ಮೆಟ್ಟಿಲುಗಳ ಯೂರೋಪಿನ ಕ್ರಮದಲ್ಲಿ ಐದನೆಯದಾದ ಸಿ-೧ನ್ನು ಮುಟ್ಟುವ ಮುನ್ನ ಯಾರೂ ತಮ್ಮನ್ನು ಭಾಷಾಂತರಕಾರರೆಂದು ಕರೆದುಕೊಳ್ಳಬಾರದು.

ಕೂಲಿಯ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಸಾಮಾನ್ಯವಾಗಿ ಪದವೊಂದಕ್ಕೆ ಇಷ್ಟೆಂದು ದರ. ಸಮಾಸಗಳಿಂದ ಜರ್ಮನ್ ಪದವು ಉದ್ದವಾಗುತ್ತದೆ. ಪ್ರತ್ಯಯಗಳಿಂದ ಕನ್ನಡ ಪದವೂ ಉದ್ದವಾಗುತ್ತದೆ. ಇಂಗ್ಲಿಷಿನ ನಾಲ್ಕು ಪದಗಳು ಕನ್ನಡದಲ್ಲಿ ಒಂದೇ ಆಗಿ, ಬರೆದ ಪದಗಳನ್ನು ಎಣಿಸಿದರೆ ಕನ್ನಡದವನಿಗೆ ನಷ್ಟ. ಈ ತೊಂದರೆಯನ್ನು ಅರಿತೇ ಜರ್ಮನರು ಪದವನ್ನು ಬಿಟ್ಟು 'ನಾರ್ಮ್‌ತ್ಸೈಲೆ' ಎಂಬ ೫೫ ಅಕ್ಷರಸ್ಥಾನಗಳ ಸಾಲನ್ನು ಅಳತೆಯಾಗಿ ಇಟ್ಟುಕೊಂಡಿದ್ದಾರೆ. ಎಣಿಸುವುದು ಮೂಲದ ಪದಗಳನ್ನೋ, ಬರೆದ ಪದಗಳನ್ನೋ, ಸಾಲುಗಳನ್ನೋ ಎಂಬುದನ್ನು ಕರಾರಿಗೆ ಸಹಿ ಹಾಕುವ ಮೊದಲೇ ಕೇಳಿ ಬರೆಯಿಸಿಕೊಳ್ಳತಕ್ಕದ್ದು.