ಕೆಡವುವ ಕುದುರೆಯ ಬೆನ್ನಲ್ಲಿ ಏನಿದೆ?

ಹಂಪಿಯ ವಿಜಯ ವಿಠ್ಠಲ ದೇವಾಲಯಕ್ಕೆ ಬ್ಯಾಟರಿ ಗಾಡಿಯಲ್ಲಿ ಹೋಗುವವರಿಗೆ ದಾರಿಯಲ್ಲೇ ಕುದುರೆಗೊಂಬೆ ಮಂಟಪ ಸಿಗುತ್ತದೆ. ಕಂಬಗಳಲ್ಲಿ ಮುಂಗಾಲೆತ್ತಿ ನಿಂತ ಕುದುರೆಗಳು, ಅವುಗಳ ಮೇಲೆ ಸವಾರರು. ಶತಮಾನಗಳು ಉರುಳಿದರೂ ಆ ಸವಾರರು ಉರುಳಿಲ್ಲ. ಕಲ್ಲಿನ ಕುದುರೆಗೆ ಬೆನ್ನು ನೋಯುವುದಿಲ್ಲವಲ್ಲ!

ಜೀವಂತ ಕುದುರೆ ಸವಾರನನ್ನು ಕೆಡವುವ ಬಗೆ ಬೇರೆ. ಹೆಚ್ಚಾಗಿ ಅದು ಮುಂಗಾಲೆತ್ತುವುದಿಲ್ಲ. ತಲೆಯನ್ನು ಮುಂಗಾಲುಗಳ ನಡುವೆ ತಗ್ಗಿಸಿ, ಬೆನ್ನನ್ನು ಬಿಲ್ಲಿನಂತೆ ಮೇಲಕ್ಕೆ ಬಾಗಿಸಿ, ಹಿಂಗಾಲುಗಳನ್ನು ಗಾಳಿಗೆ ಝಾಡಿಸುತ್ತದೆ. ನೆತ್ತಿಯ ಹಿಂಭಾಗದಿಂದ ಬೆನ್ನಿನವರೆಗೆ ಗಟ್ಟಿಯಾದ ನಾರುಪಟ್ಟಿಯೊಂದು ಹಾದುಹೋಗಿದೆ. ತಲೆ ತಗ್ಗಿದಾಗ ಈ ಪಟ್ಟಿ ಬಿಗಿದು ಬೆನ್ನೆಲುಬನ್ನು ಮೇಲಕ್ಕೆಳೆಯುತ್ತದೆ. ಆದ್ದರಿಂದಲೇ ತಲೆ ಎತ್ತಿಕೊಂಡಿರುವ ಕುದುರೆಗೆ ಜೋರಾಗಿ ಕುಪ್ಪಳಿಸುವುದು ಕಷ್ಟ.

ಈ ವರಸೆಯನ್ನು ಕುದುರೆಗೆ ಯಾರೂ ಕಲಿಸಬೇಕಿಲ್ಲ. ಹುಲ್ಲು ಮೇಯುವ, ಅಪಾಯ ಕಂಡರೆ ಓಡಿ ಬದುಕುವ ಪ್ರಾಣಿ ಅದು. ಅದರ ಪೂರ್ವಜರ ಬೆನ್ನ ಮೇಲೆ ಏನಾದರೂ ಬಂದು ಬಿತ್ತೆಂದರೆ ಅದು ಬೇಟೆಗಾರ ಪ್ರಾಣಿಯೇ. ಅದನ್ನು ಝಾಡಿಸಿ ಕೆಡವಿದ ಕುದುರೆ ಉಳಿಯಿತು, ಕೆಡವಲಾರದ್ದು ಅಳಿಯಿತು. ಹಾಗೆ ನೋಡಿದರೆ ಕುದುರೆ ಮನುಷ್ಯನನ್ನು ಬೆನ್ನ ಮೇಲೆ ಕೂರಿಸಿಕೊಳ್ಳುವುದೇ ಅಚ್ಚರಿ, ಕೆಡವುವುದಲ್ಲ.

ಆದರೂ ಎರಡು ಸಲ ಕೆಡವಿದ ಕುದುರೆಗೆ ‘ಚಂಡಿ’ ಎಂಬ ಹೆಸರು ಅಂಟುತ್ತದೆ. ಹೆಸರಿಡುವ ಮೊದಲು ಅದರ ಬೆನ್ನನ್ನು ಕೇಳಬೇಕು. ಜೀನು ಕೂರುವ ಜಾಗದಲ್ಲಿ ಬೆನ್ನೆಲುಬಿನ ಮುಳ್ಳುಗಳು ಕೆಲವು ಕುದುರೆಗಳಲ್ಲಿ ಒಂದಕ್ಕೊಂದು ತಾಗಿ ಉಜ್ಜುತ್ತವೆ. ಅಳತೆಗೆ ಹೊಂದದ ಜೀನು ಸ್ನಾಯುಗಳನ್ನು ಹಿಂಡುತ್ತದೆ. ಕುದುರೆಯ ಹಲ್ಲು ಬಹುಕಾಲ ಮೇಲೇರುತ್ತಲೇ ಇರುವುದರಿಂದ ಅಂಚುಗಳು ಚೂಪಾಗಿ ಕೆನ್ನೆಯ ಒಳಭಾಗವನ್ನು ಗೀರುತ್ತವೆ. ಅಂಥ ಬಾಯಲ್ಲಿ ಕಡಿವಾಣ ಎಳೆದರೆ ಏನಾದೀತು? ಲಾಳ ಸರಿಯಿಲ್ಲದ ಗೊರಸೂ ನೋಯಬಹುದು.

ಹೊಟ್ಟೆಯದು ಇನ್ನೊಂದು ಕಥೆ. ಕುದುರೆಯ ಜಠರ ಅದರ ದೇಹದ ಗಾತ್ರಕ್ಕೆ ಚಿಕ್ಕದು, ಆದರೆ ಅಲ್ಲಿ ಆಮ್ಲ ಹಗಲೂ ರಾತ್ರಿ ಒಸರುತ್ತಿರುತ್ತದೆ. ಆಮ್ಲವನ್ನು ತಣಿಸುವ ಜೊಲ್ಲು ಹುಟ್ಟುವುದು ಜಗಿಯುವಾಗ ಮಾತ್ರ. ದಿನಕ್ಕೆ ಎರಡು ಹೊತ್ತು ಹುರುಳಿ ತಿನ್ನಿಸಿ ಉಳಿದ ಹೊತ್ತು ಬರಿಬಾಯಲ್ಲಿ ಕಟ್ಟಿಹಾಕಿದರೆ ಜಠರದಲ್ಲಿ ಹುಣ್ಣಾಗಬಹುದು. ಆಗ ಹೊಟ್ಟೆಪಟ್ಟಿ ಬಿಗಿದೊಡನೆ ಕುದುರೆ ಕಿವಿ ಹಿಂದಕ್ಕೆ ಮಡಚಿ ಕಚ್ಚಲು ತಿರುಗಬಹುದು. ಬ್ರಿಟನ್ನಿನ ಪಶುವೈದ್ಯೆ ಸೂ ಡೈಸನ್ ಮತ್ತು ಸಂಗಡಿಗರು ಸವಾರಿಯ ವೇಳೆ ನೋವನ್ನು ಸೂಚಿಸುವ 24 ನಡವಳಿಕೆಗಳ ಪಟ್ಟಿ ಮಾಡಿದ್ದಾರೆ. ಕಿವಿ ಮಡಚುವುದು, ಬಾಲ ಬೀಸುತ್ತಲೇ ಇರುವುದು, ಬಾಯಿ ತೆರೆಯುವುದು, ಕುಪ್ಪಳಿಸುವುದು ಎಲ್ಲ ಅದರಲ್ಲಿವೆ. ಎಂಟು ಅಥವಾ ಹೆಚ್ಚು ಕಂಡರೆ ಕುದುರೆಗೆ ಎಲ್ಲೋ ನೋವಿರುವ ಸಾಧ್ಯತೆ ದೊಡ್ಡದು. ಎಲ್ಲ ಕುಪ್ಪಳಿಕೆಗೂ ನೋವೇ ಕಾರಣವಲ್ಲ, ನಿಜ. ತಿಂದದ್ದು ಹೆಚ್ಚಾಗಿ ದುಡಿಮೆ ಕಡಿಮೆಯಾದರೂ ಕುದುರೆ ನೆಗೆಯುತ್ತದೆ. ಆದರೆ ಪರೀಕ್ಷೆ ನೋವಿನಿಂದಲೇ ಆರಂಭವಾಗಬೇಕು.

ನೋವು ಹೋದ ಮೇಲೂ ಕೆಡವುವ ಚಾಳಿ ಉಳಿಯಬಹುದು. ಕುದುರೆಯ ಲೆಕ್ಕ ಸರಳ: ನೆಗೆದೆ, ಸವಾರ ಬಿದ್ದ, ಕೆಲಸ ಮುಗಿಯಿತು. ಹೀಗೆ ನಾಲ್ಕು ಸಲವಾದರೆ ಪಾಠ ಗಟ್ಟಿಯಾಗುತ್ತದೆ. ಚಾವಟಿಯಿಂದ ಅದನ್ನು ಅಳಿಸಹೊರಟರೆ ಹೆದರಿಕೆಯೊಂದು ಹೊಸದಾಗಿ ಸೇರುತ್ತದೆ. ಆದ್ದರಿಂದ ಮತ್ತೆ ಅಆಇಈಯಿಂದಲೇ, ಅಂದರೆ ನೆಲದಿಂದಲೇ ತೊಡಗಬೇಕು.

ಕುದುರೆಗೆ ತನ್ನ ಸುತ್ತ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಕಾಣದ್ದು ಹಣೆಯ ಎದುರಿನ ಚೂರು ಜಾಗ ಮತ್ತು ಬಾಲದ ನೇರ ಹಿಂದೆ. ಅದಕ್ಕೇ ಹೆಗಲ ಪಕ್ಕದಿಂದ, ಮಾತಾಡಿಸುತ್ತ ಹತ್ತಿರ ಹೋಗಬೇಕು. ಮೊದಲು ಮುಟ್ಟಬೇಕಾದದ್ದು ಮುಖವಲ್ಲ. ಜೂಲು ಕೊನೆಯಾಗುವಲ್ಲಿ, ಜೀನಿನ ಮುಂದಿರುವ ಉಬ್ಬನ್ನು ತುರಿಸಬೇಕು. ಕುದುರೆಗಳು ಪರಸ್ಪರ ಹಲ್ಲಿನಿಂದ ಕೆರೆದುಕೊಳ್ಳುವುದು ಅಲ್ಲಿಯೇ. ಆ ಜಾಗವನ್ನು ತುರಿಸಿದಾಗ ಕುದುರೆಯ ಎದೆಬಡಿತ ಇಳಿಯುತ್ತದೆಂದು 1993ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ನೆಮ್ಮದಿಯಲ್ಲಿರುವ ಬೆಳೆದ ಕುದುರೆಯ ಬಡಿತ ನಿಮಿಷಕ್ಕೆ ಸುಮಾರು 28ರಿಂದ 44.

ಮುಂದಿನದು ಹಗ್ಗದ ಪಾಠ. ಹಗ್ಗವನ್ನು ಮೆಲ್ಲಗೆ ಬಿಗಿಮಾಡಿ. ಕುದುರೆ ಒಂದು ಹೆಜ್ಜೆ ಇಟ್ಟ ಕೂಡಲೇ ಸಡಿಲಿಸಿ. ಕುದುರೆ ಕಲಿಯುವುದು ಬಿಗಿಯಿಂದಲ್ಲ, ಸರಿಯಾದ ಗಳಿಗೆಯಲ್ಲಿ ಸಿಕ್ಕ ಸಡಿಲಿಕೆಯಿಂದ. ತಡವಾಗಿ ಸಡಿಲಿಸಿದರೆ ಯಾವುದಕ್ಕೆ ಬಹುಮಾನ ಸಿಕ್ಕಿತೆಂದೇ ಅದಕ್ಕೆ ತಿಳಿಯದು. ನಿಲ್ಲುವುದು, ಹಿಂದೆ ಸರಿಯುವುದು, ತಲೆಯನ್ನು ಪಕ್ಕಕ್ಕೆ ತಿರುಗಿಸಿ ಹಿಂಗಾಲುಗಳನ್ನು ಅಡ್ಡಡ್ಡ ಇಡುವುದು ಇಲ್ಲೇ ರೂಢಿಯಾಗಬೇಕು. ಕಾಲುಗಳು ಅಡ್ಡ ಹೆಜ್ಜೆಯಲ್ಲಿದ್ದಾಗ ಕುಪ್ಪಳಿಸುವ ಬಲ ಒಗ್ಗೂಡುವುದಿಲ್ಲ. ಈ ಪಾಠ ಮುಂದೆ ಸವಾರನ ಜೀವ ಕಾಯುತ್ತದೆ.

ಜೀನು ಮರಳುವುದು ಕೊನೆಗೆ. ಮೊದಲು ಬರೀ ಬಟ್ಟೆ: ಹಾಕುವುದು, ತೆಗೆಯುವುದು. ಆಮೇಲೆ ಜೀನು. ಹೊಟ್ಟೆಪಟ್ಟಿಯನ್ನು ಒಂದೊಂದೇ ತೂತು ಬಿಗಿದು ನಡುವೆ ನಾಲ್ಕು ಹೆಜ್ಜೆ ನಡೆಸಬೇಕು. ಸವಾರ ಮೊದಲು ಬೆನ್ನ ಮೇಲೆ ಒರಗುತ್ತಾನೆ, ಇಳಿಯುತ್ತಾನೆ. ಕೂರುವುದು ಇನ್ನೊಂದು ದಿನ. ಕುದುರೆ ಶಾಂತವಾಗಿದ್ದಾಗಲೇ ಇಳಿದರೆ ಹಳೆಯ ಲೆಕ್ಕ ತಿರುಗುಮುರುಗಾಗುತ್ತದೆ: ನೆಗೆದದ್ದಕ್ಕಲ್ಲ, ಸುಮ್ಮನಿದ್ದದ್ದಕ್ಕೆ ವಿರಾಮ. ಇದು ಹೊಸಬರ ಕೆಲಸವಲ್ಲ. ಪಳಗಿದ ಸವಾರನಿಗೂ ತಲೆಗೆ ಹೆಲ್ಮೆಟ್, ಪಕ್ಕದಲ್ಲೊಬ್ಬ ನೆರವಿನವ ಬೇಕೇ ಬೇಕು. ಎಷ್ಟು ದಿನ ಬೇಕೆಂಬುದನ್ನು ಕ್ಯಾಲೆಂಡರ್ ಹೇಳದು, ಕುದುರೆ ಹೇಳುತ್ತದೆ.

ಹಂಪಿಯಿರುವ ತುಂಗಭದ್ರೆಯ ಸೀಮೆಗೆ ಕುದುರೆಯ ಋಣ ದೊಡ್ಡದು. ಕಂಪ್ಲಿಯ ಕುಮಾರರಾಮನ ಕಥೆಯಲ್ಲಿ ಬೊಲ್ಲನೆಂಬ ಕುದುರೆಗೂ ಹೆಸರುಂಟು. ಸಂಡೂರನ್ನು ಆಳಿದ ಘೋರ್ಪಡೆಯವರು ಕುದುರೆ ದಂಡಿನಿಂದಲೇ ಹೆಸರಾದ ಮರಾಠರ ಪೈಕಿ. ಹಂಪಿಗಂತೂ ಎಷ್ಟೋ ಕುದುರೆ ಬಂದದ್ದು ಕಡಲು ದಾಟಿ. ಸ್ವತಃ ಕುದುರೆ ವ್ಯಾಪಾರಿಯಾಗಿದ್ದ ಪೋರ್ಚುಗೀಸ್ ನೂನಿಜ್ 1535ರ ಸುಮಾರಿಗೆ ಬರೆದಂತೆ, ವಿಜಯನಗರದ ಅರಸರು ವರ್ಷಕ್ಕೆ ಹೊರ್ಮುಜ್‌ನವೂ ನಾಡತಳಿಯವೂ ಸೇರಿ 13,000 ಕುದುರೆ ಕೊಳ್ಳುತ್ತಿದ್ದರು. ಅದಕ್ಕೂ ಹಿಂದಿನ ಅರಸ ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲೇ ಸತ್ತ ಕುದುರೆಗೂ ಹಣ ಸಿಗುತ್ತಿತ್ತು, ಬಾಲ ತಂದು ತೋರಿಸಿದರೆ ಸಾಕು. ಸಂಗಾತಿಗಳು ಸಾಯುವುದನ್ನು ಕಂಡು, ಅಲೆಗಳ ಮೇಲೆ ತೂರಾಡಿ, ಘಟ್ಟ ಹತ್ತಿ ಬಂದ ಕುದುರೆಗೆ ಮನುಷ್ಯನ ಮೇಲೆ ಎಷ್ಟು ನಂಬಿಕೆ ಉಳಿದಿದ್ದೀತು?

ಅರಮನೆಯ ಸಂಬಳದವರನ್ನು ಎಣಿಸುವಾಗ ಅದೇ ನೂನಿಜ್ ಇನ್ನೆರಡು ಅಂಕಿ ಕೊಡುತ್ತಾನೆ. ಕುದುರೆಗಳನ್ನು ಪಳಗಿಸುವವರು 300. ಮೈತಿಕ್ಕಿ, ಮೇವು ಹಾಕಿ ನೋಡಿಕೊಳ್ಳುವವರು 1,600. ಪಾಠ ಹೇಳುವವನೊಬ್ಬನಿಗೆ ಆರೈಕೆ ಮಾಡುವವರು ಐದಕ್ಕಿಂತ ಹೆಚ್ಚು. ಕೆಡವುವ ಕುದುರೆಯನ್ನು ಮನೆಯಲ್ಲಿ ಕಟ್ಟಿಕೊಂಡವರು ತಮ್ಮ ಹೊತ್ತನ್ನು ಹಂಚಿಕೊಳ್ಳಲು ಇಂದಿಗೂ ಈ ಲೆಕ್ಕವೇ ಸರಿ.