ಸಿರಿಂಜಿನಿಂದ ತಿರುಗುವ ಲಾರಿ: ದ್ರವದ ಒತ್ತಡದ ಪಾಠಕ್ಕೊಂದು ಮಾದರಿ

ಬಲ ಮತ್ತು ಒತ್ತಡದ ಪಾಠಕ್ಕೆ ನಮ್ಮ ಪ್ರಶಿಕ್ಷಣಾರ್ಥಿಗಳು ಸಾಮಾನ್ಯವಾಗಿ ತರುವ ಬೋಧನೋಪಕರಣವೆಂದರೆ ಎರಡು ಸಿರಿಂಜು, ನಡುವೆ ಒಂದು ಕೊಳವೆ. ಒಂದನ್ನು ಒತ್ತಿದರೆ ಇನ್ನೊಂದು ಮೇಲೇಳುತ್ತದೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಸೂತ್ರ ಕಪ್ಪುಹಲಗೆಯ ಮೇಲೆ ಬರುತ್ತದೆ, ಪಾಠ ಮುಗಿಯುತ್ತದೆ. ವೀಕ್ಷಣಾ ನಮೂನೆಯಲ್ಲಿ ‘ಉಪಕರಣದ ಬಳಕೆ’ಗೆ ಒಳ್ಳೆಯ ಅಂಕವೂ ಬೀಳುತ್ತದೆ. ಆದರೆ ಪಾಠ ಮುಗಿದ ಮೇಲೆ ಆ ಮಕ್ಕಳನ್ನು ಮಾತನಾಡಿಸಿದಾಗ ನನಗೆ ಹೆಚ್ಚಾಗಿ ಸಿಕ್ಕಿರುವ ಉತ್ತರ: ‘ನೀರು ಬಲವನ್ನು ಜಾಸ್ತಿ ಮಾಡುತ್ತೆ ಸಾರ್.’ ಜಾಸ್ತಿಯಾದ ಬಲಕ್ಕೆ ಪ್ರತಿಯಾಗಿ ಏನನ್ನು ಕೊಟ್ಟೆವು ಎಂದು ಕೇಳಿದರೆ ಎಲ್ಲರೂ ಮೌನ. ಬಲ ಪುಕ್ಕಟೆಯಾಗಿ ಸಿಗುತ್ತದೆ ಎಂಬ ಈ ತಿಳಿವಳಿಕೆಯನ್ನು ಹೊತ್ತುಕೊಂಡೇ ಅವರು ಪಿಯುಸಿಗೆ ಹೋಗಿ ಪಾಸ್ಕಲ್‌ನ ನಿಯಮವನ್ನು ಬಾಯಿಪಾಠ ಮಾಡುತ್ತಾರೆ.

ಅದೇ ಸಿರಿಂಜುಗಳಿಗೆ ಒಂದು ಕೆಲಸ ಕೊಟ್ಟರೆ ಈ ಪ್ರಶ್ನೆಯಿಂದ ಯಾರೂ ತಪ್ಪಿಸಿಕೊಳ್ಳಲಾರರು. ರಿಮೋಟಿನಿಂದ ಓಡುವ ಮಾದರಿ ಲಾರಿಯ ಮುಂಚಕ್ರಗಳನ್ನು ನೀರಿನ ಒತ್ತಡದಿಂದ ತಿರುಗಿಸುವುದು ಅಂಥದೊಂದು ಕೆಲಸ.

ಇಂತಹ ಲಾರಿಯಲ್ಲಿ ಚಕ್ರ ತಿರುಗಿಸಲು ಸರ್ವೋ ಎಂಬ ಚಿಕ್ಕ ಮೋಟಾರು ಇರುತ್ತದೆ. ಇದು ಗಿರಗಿರನೆ ಸುತ್ತುವುದಿಲ್ಲ. ರಿಸೀವರಿನಿಂದ ಸೆಕೆಂಡಿಗೆ ಸುಮಾರು 50 ಬಾರಿ ಬರುವ ವಿದ್ಯುತ್ ಮಿಡಿತ ಎಷ್ಟು ಹೊತ್ತು ಇತ್ತು ಎಂಬುದಕ್ಕೆ ತಕ್ಕ ಕೋನದಲ್ಲಿ ಹೋಗಿ ನಿಲ್ಲುತ್ತದೆ: 1.5 ಮಿಲಿಸೆಕೆಂಡ್ ಆದರೆ ನಡುವೆ, 1 ಆದರೆ ಒಂದು ಪಕ್ಕ, 2 ಆದರೆ ಇನ್ನೊಂದು ಪಕ್ಕ. ಸರ್ವೋದ ತೋಳು ಒಂದು ಸರಳನ್ನು ದೂಡಿ ಚಕ್ರವನ್ನು ತಿರುಗಿಸುತ್ತದೆ. ಆ ಸರಳನ್ನು ತೆಗೆದು ನೀರು ತುಂಬಿದ ಕೊಳವೆಯನ್ನು ಕೂರಿಸಬೇಕು, ಅಷ್ಟೆ. ಊರಿನವರು ಜೆಸಿಬಿ ಎನ್ನುವಂತಹ ಅಗೆಯುವ ಯಂತ್ರಗಳಲ್ಲಿ ಹೆಚ್ಚಿನವು ಹೀಗೆಯೇ. ಸ್ಟೀರಿಂಗಿಗೂ ಚಕ್ರಕ್ಕೂ ನಡುವೆ ಇರುವುದು ಎಣ್ಣೆಯ ಕೊಳವೆ ಮಾತ್ರ. ಬಸ್ಸು ಲಾರಿಗಳ ಪವರ್ ಸ್ಟೀರಿಂಗಿನಲ್ಲಿ ಸರಳೂ ಇರುತ್ತದೆ, ಎಣ್ಣೆ ಅದಕ್ಕೆ ನೆರವಾಗುತ್ತದೆ. ಎಂಜಿನ್ ಆಫ್ ಆದರೆ ಸ್ಟೀರಿಂಗ್ ಬಿಗಿಯಾಗುವುದು ಏಕೆಂದು ಡ್ರೈವರ ಮಗುವೊಂದು ತರಗತಿಯಲ್ಲಿದ್ದರೆ ಅದೇ ಹೇಳುತ್ತದೆ, ಕೇಳಿ ನೋಡಿ.

ಸರ್ವೋದ ಕಡೆ 5 ಮಿ.ಲೀ. ಸಿರಿಂಜು, ಚಕ್ರದ ಕಡೆ 10 ಮಿ.ಲೀ. ಸಿರಿಂಜು ಇರಲಿ. ಔಷಧದ ಅಂಗಡಿಯಿಂದ ಹೊಸದನ್ನೇ ತನ್ನಿ. ಆಸ್ಪತ್ರೆಯಲ್ಲಿ ಬಳಸಿ ಎಸೆದದ್ದು ಬೇಡ, ಸೂಜಿ ತರಗತಿಯೊಳಗೆ ಬರಲೇಬಾರದು. ಮೀನಿನ ತೊಟ್ಟಿಗೆ ಗಾಳಿ ಬಿಡುವ ಮೆತ್ತನೆಯ ಕೊಳವೆ ಸಿರಿಂಜಿನ ಮೂತಿಗೆ ಬಿಗಿಯಾಗಿ ಕೂರುತ್ತದೆ.

ಸಿರಿಂಜಿನ ಅಡ್ಡಕೊಯ್ತದ ವಿಸ್ತೀರ್ಣವನ್ನು ಪೈ ಬಳಸಿ ಲೆಕ್ಕ ಹಾಕಿಸಬೇಡಿ. ಸೊನ್ನೆಯಿಂದ ಕೊನೆಯ ಗೆರೆಯವರೆಗಿನ ಉದ್ದವನ್ನು ಮಕ್ಕಳೇ ಅಳೆದು, ಗಾತ್ರವನ್ನು ಆ ಉದ್ದದಿಂದ ಭಾಗಿಸಲಿ. ನಮ್ಮಲ್ಲಿದ್ದ 5 ಮಿ.ಲೀ. ಸಿರಿಂಜಿನಲ್ಲಿ ಉದ್ದ 4 ಸೆಂ.ಮೀ., ಅಂದರೆ ವಿಸ್ತೀರ್ಣ 1.25 ಚದರ ಸೆಂ.ಮೀ. 10 ಮಿ.ಲೀ. ಸಿರಿಂಜಿನದು ಸುಮಾರು 1.9. ಘರ್ಷಣೆಯನ್ನು ಬಿಟ್ಟು ನೋಡಿದರೆ ಬಲ ಒಂದೂವರೆ ಪಟ್ಟು. ಇಲ್ಲಿ ನಿಲ್ಲಬಾರದು. ಸರ್ವೋದ ತೋಳು 1.5 ಸೆಂ.ಮೀ. ಉದ್ದವಿದ್ದು 45 ಡಿಗ್ರಿ ತಿರುಗಿದರೆ ಚಿಕ್ಕ ಸಿರಿಂಜಿನ ದಂಡ ಸುಮಾರು 1.06 ಸೆಂ.ಮೀ. ಒಳಹೋಗುತ್ತದೆ, ದೊಡ್ಡದರ ದಂಡ ಹೊರಬರುವುದು 0.7 ಸೆಂ.ಮೀ. ಮಾತ್ರ. ಚಕ್ರದ ತೋಳೂ 1.5 ಸೆಂ.ಮೀ. ಇದ್ದರೆ ಚಕ್ರ ಸುಮಾರು 28 ಡಿಗ್ರಿ ತಿರುಗುತ್ತದೆ.

ನಾನು ವೀಕ್ಷಿಸಿದ ಒಂದು ಪಾಠದಲ್ಲಿ ಹುಡುಗಿಯೊಬ್ಬಳು, ‘ಹಂಗಾದ್ರೆ 20 ಮಿ.ಲೀ.ದು ಹಾಕೋಣ ಮಿಸ್, ಇನ್ನೂ ಬಲ ಬರುತ್ತೆ’ ಎಂದಳು. ಪ್ರಶಿಕ್ಷಣಾರ್ಥಿ ಬೇಡವೆನ್ನದೆ ಹಾಕಿಸಿದರು. ವಿಸ್ತೀರ್ಣ ಸುಮಾರು 3.1, ಬಲ ಎರಡೂವರೆ ಪಟ್ಟು. ಆದರೆ ಚಕ್ರ ತಿರುಗಿದ್ದು 16–17 ಡಿಗ್ರಿ. ಮುಂಚಕ್ರ ಹಿಂಚಕ್ರಗಳ ನಡುವೆ 30 ಸೆಂ.ಮೀ. ಅಂತರವಿರುವ ಲಾರಿ 28 ಡಿಗ್ರಿಯಲ್ಲಿ ಸುಮಾರು 56 ಸೆಂ.ಮೀ. ತ್ರಿಜ್ಯದ ತಿರುವು ಪಡೆಯುತ್ತದೆ, 16.5 ಡಿಗ್ರಿಯಲ್ಲಿ ಒಂದು ಮೀಟರಿಗೂ ತುಸು ಹೆಚ್ಚು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಿರುವನ್ನು ಬಿಟ್ಟು ಲಾರಿ ಬೆಂಚಿನ ಕಾಲಿಗೆ ಹೋಗಿ ಗುದ್ದಿತು. ‘ಬಲ ಬಂತು, ತಿರುವು ಹೋಯ್ತು’ ಎಂದು ಹಿಂದಿನ ಸಾಲಿನಿಂದ ಯಾರೋ ಅಂದರು. ಆ ಮಾತನ್ನೇ ಪ್ರಶಿಕ್ಷಣಾರ್ಥಿ ಹಲಗೆಯ ಮೇಲೆ ಬರೆದರು. ಬಲ ಮತ್ತು ಚಲಿಸಿದ ದೂರದ ಗುಣಲಬ್ಧ ಎರಡೂ ಕಡೆ ಒಂದೇ ಎಂಬ ಸೂತ್ರ ಅದರ ಕೆಳಗೆ ಬಂತು. ಈ ಕ್ರಮ ನನಗೆ ಸರಿಯೆನಿಸಿತು.

ಒಂದೇ ಜೋಡಿ ಸಿರಿಂಜು ಹಾಕಿದರೆ ಲಾರಿ ಒಂದು ಪಕ್ಕಕ್ಕೆ ಬಿರುಸಾಗಿಯೂ ಇನ್ನೊಂದು ಪಕ್ಕಕ್ಕೆ ಸೋಮಾರಿಯಂತೆಯೂ ತಿರುಗುತ್ತದೆ. ಮೊದಲ ದಿನ ಹಾಗೆಯೇ ಬಿಡಿ. ಏಕೆಂದು ಕೇಳಿದರೆ ಮಕ್ಕಳು ‘ನೀರು ಸರಿಯಾಗಿ ಎಳೀತಿಲ್ಲ’ ಎನ್ನುತ್ತಾರೆ. ನೀರು ಎಳೆಯುವುದೇ ಇಲ್ಲ. ಚಿಕ್ಕ ಸಿರಿಂಜಿನ ದಂಡವನ್ನು ಹಿಂದಕ್ಕೆ ಎಳೆದಾಗ ಒಳಗಿನ ಒತ್ತಡ ಇಳಿಯುತ್ತದೆ, ದೊಡ್ಡ ಸಿರಿಂಜಿನ ದಂಡವನ್ನು ಹೊರಗಿನ ಗಾಳಿ ಒಳಕ್ಕೆ ನೂಕುತ್ತದೆ. ವಾಯುಮಂಡಲದ ಒತ್ತಡ ಚದರ ಸೆಂ.ಮೀ.ಗೆ ಸುಮಾರು 10 ನ್ಯೂಟನ್. 1.9 ಚದರ ಸೆಂ.ಮೀ. ಮೇಲೆ ಹೆಚ್ಚೆಂದರೆ 19 ನ್ಯೂಟನ್, ಅದರಲ್ಲೂ ರಬ್ಬರಿನ ಘರ್ಷಣೆ ತನ್ನ ಪಾಲನ್ನು ತಿನ್ನುತ್ತದೆ. ದೂಡುವಾಗ ಈ ಮಿತಿ ಇಲ್ಲ. ಖಾಲಿ ಸಿರಿಂಜಿನ ಮೂತಿಯನ್ನು ಬೆರಳಿನಿಂದ ಮುಚ್ಚಿ, ದಂಡವನ್ನು ಎಳೆದು ಕೈಬಿಡುವ ಪ್ರಯೋಗವನ್ನು ಇಲ್ಲಿ ಮಾಡಿಸಿದರೆ ವಾಯುಮಂಡಲದ ಒತ್ತಡದ ಭಾಗಕ್ಕೆ ಬೇರೆ ಪೀಠಿಕೆ ಬೇಕಾಗುವುದಿಲ್ಲ. ಮರುದಿನ ಎರಡನೆಯ ಜೋಡಿ ಸೇರಿಸಿ. ಸರ್ವೋಗೆ ಎರಡು ಕಡೆ ತೋಳು, ಒಂದು ಎಡಕ್ಕೆ ದೂಡುತ್ತದೆ, ಇನ್ನೊಂದು ಬಲಕ್ಕೆ.

ಕೊಳವೆಯಲ್ಲಿ ಗಾಳಿಗುಳ್ಳೆ ಉಳಿದರೆ ಸರ್ವೋದ ತೋಳು ಚಲಿಸಿದರೂ ಚಕ್ರ ಕಾಯುತ್ತ ನಿಲ್ಲುತ್ತದೆ. ಗ್ಯಾರೇಜಿನಲ್ಲಿ ಬ್ರೇಕಿನ ಏರ್ ತೆಗೆಯುವುದು ಇದೇ ಕಾರಣಕ್ಕೆ. ಕುದಿಸಿ ಆರಿಸಿದ ನೀರನ್ನು, ಸಿರಿಂಜು ಮತ್ತು ಕೊಳವೆಯನ್ನು ಬಕೆಟ್ಟಿನಲ್ಲಿ ಮುಳುಗಿಸಿಯೇ, ತುಂಬಿದರೆ ಗುಳ್ಳೆ ಕಡಿಮೆ. ಎಣ್ಣೆ ಬೇಡ, ರಬ್ಬರು ಉಬ್ಬಿ ದಂಡ ಸಿಕ್ಕಿಕೊಳ್ಳುತ್ತದೆ.

ಸರ್ವೋ ಕೊಳ್ಳುವಾಗ ಅದರ ಮೇಲಿನ ಕಿಲೋಗ್ರಾಂ-ಸೆಂ.ಮೀ. ಅಂಕಿಯನ್ನು ನೋಡಿ. 1.8ರದ್ದು 1.5 ಸೆಂ.ಮೀ. ತೋಳಿನ ತುದಿಯಲ್ಲಿ ಕೊಡುವುದು ಸುಮಾರು 12 ನ್ಯೂಟನ್. ಅದರಲ್ಲಿ ಬಹುಪಾಲು ರಬ್ಬರನ್ನು ಜರುಗಿಸುವುದಕ್ಕೇ ಸರಿಹೋಗುತ್ತದೆ. 10ರದ್ದು ಸುಮಾರು 65 ನ್ಯೂಟನ್ ಕೊಡುತ್ತದೆ. ಸರ್ವೋ, ರಿಮೋಟು ಎರಡೂ ಸಿಗದ ಶಾಲೆಯಲ್ಲಿ ಚಿಕ್ಕ ಸಿರಿಂಜನ್ನು ಮಗುವಿನ ಕೈಗೇ ಕೊಡಿ. 20 ಮಿ.ಲೀ. ಸಿರಿಂಜು ಹಾಕಿದಾಗ ದೂಡುವುದು ಹಗುರ, ಆದರೆ ಚಕ್ರ ಅಷ್ಟೇ ತಿರುಗಲು ಹೆಚ್ಚು ದೂರ ದೂಡಬೇಕು ಎಂಬುದು ಆ ಕೈಗೆ ನೇರವಾಗಿ ತಿಳಿಯುತ್ತದೆ.